ಬೀಗದ ಅಂತರಂಗ

ದಿನಕ್ಕೆ ಹತ್ತು ಬಾರಿಯಾದರೂ ನಾವು ಮುಟ್ಟುವ, ಆದರೆ ಒಮ್ಮೆಯೂ ಒಳಗೆ ಇಣಿಕಿ ನೋಡದ ಯಂತ್ರವೊಂದು ಪ್ರತಿಯೊಂದು ಮನೆಯಲ್ಲಿಯೂ ಉಂಟು. ಅದೇ ಬಾಗಿಲಿನ ಬೀಗ. ಅದು ಸರಿಯಾಗಿ ಕೆಲಸ ಮಾಡುತ್ತಿರುವವರೆಗೆ ಅದರ ನೆನಪೇ ನಮಗೆ ಬರುವುದಿಲ್ಲ. ಕೈಕೊಟ್ಟ ದಿನ ಮಾತ್ರ, ಇದರೊಳಗೆ ಏನಿದೆ ಎಂಬ ಪ್ರಶ್ನೆ ಏಳುತ್ತದೆ.

ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ನಮ್ಮ ಮನೆಯಲ್ಲಿ ಅಂತಹ ದಿನವೊಂದು ಬಂದಿತು. ನಮ್ಮ ಮುಂಬಾಗಿಲಿಗೆ ಇದ್ದುದು, ಬಾಗಿಲನ್ನು ಎಳೆದೊಡನೆ ತಾನೇ ಬಿದ್ದುಕೊಳ್ಳುವ ಬಗೆಯ ಬೀಗ. ಒಂದು ಸಂಜೆ ನಮ್ಮ ತಾಯಿಯವರು ಒಲೆಯ ಮೇಲೆ ಹಾಲಿಟ್ಟು, ತರಕಾರಿ ಗಾಡಿಯ ಕೂಗು ಕೇಳಿ ಗೇಟಿನವರೆಗೆ ಹೋದರು. ಗಾಳಿ ಬೀಸಿತು; ಬಾಗಿಲು ಮುಚ್ಚಿಕೊಂಡಿತು. ಒಳಗೆ ಎರಡು ವರ್ಷದ ಮೊಮ್ಮಗು ನಿದ್ರಿಸುತ್ತಿತ್ತು. ಅದೃಷ್ಟಕ್ಕೆ ಅವರ ಸೆರಗಿನ ಗಂಟಿನಲ್ಲಿ ಬೀಗದ ಕೈ ಇತ್ತು. ಆದರೆ ಅದು ಮೂಲದ್ದಲ್ಲ, ಅಂಗಡಿಯಲ್ಲಿ ಮಾಡಿಸಿದ ನಕಲು. ಬೀಗದೊಳಗೆ ಸಲೀಸಾಗಿ ಹೋಯಿತು, ತಿರುಗಲಿಲ್ಲ. ಗಾಬರಿಯಿಂದ ಅವರು ಇನ್ನಷ್ಟು ಬಲವಾಗಿ ಒತ್ತಿ ತಿರುಗಿಸಿದರು, ಆಗಲೂ ತಿರುಗಲಿಲ್ಲ. ಕೆಲವು ನಿಮಿಷಗಳು ಕಳೆದ ಮೇಲೆ, ಸೋತ ಕೈ ಸಡಿಲವಾಗಿ ಬೀಗದ ಕೈ ಎಳ್ಳಿನಷ್ಟು ಹಿಂದಕ್ಕೆ ಸರಿದಾಗ, ಬೀಗ ತಟಕ್ಕನೆ ತೆರೆದುಕೊಂಡಿತು. ಒಳಗೆ ಹಾಲು ಉಕ್ಕಿ ಒಲೆಯನ್ನು ಆರಿಸಿತ್ತು. ಅನಿಲದ ವಾಸನೆ ಅಡುಗೆಮನೆಯನ್ನು ತುಂಬಿತ್ತು. ಅವರು ಅನಿಲವನ್ನು ನಿಲ್ಲಿಸಿ, ಕಿಟಕಿಗಳನ್ನು ತೆರೆದು, ಮಗುವನ್ನು ಎತ್ತಿಕೊಂಡು ಹೊರಗೆ ಬಂದರು. ಯಾರಿಗೂ ಅಪಾಯವಾಗಲಿಲ್ಲ.

ಆ ರಾತ್ರಿ ನಮ್ಮನ್ನು ಕಾಡಿದ ಪ್ರಶ್ನೆ ಇದು. ಒತ್ತಿದಾಗ ತೆರೆಯದ ಬೀಗ, ಕೊಂಚ ಹಿಂದಕ್ಕೆ ಎಳೆದಾಗ ತೆರೆದುದೇಕೆ? ಇಂತಹ ಬೀಗದ ಕೈಗಳು ವಾಚಕರಲ್ಲಿ ಅನೇಕರ ಮನೆಗಳಲ್ಲಿಯೂ ಇರಬಹುದು. "ಸ್ವಲ್ಪ ಎಳೆದು ತಿರುಗಿಸು, ಬರುತ್ತದೆ" ಎಂಬ ಉಪದೇಶವೂ ಅವುಗಳ ಜೊತೆಯಲ್ಲೇ ಕೈಯಿಂದ ಕೈಗೆ ಸಾಗಿ ಬಂದಿರುತ್ತದೆ. ಕಾರಣವನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಅದನ್ನು ಕಣ್ಣಾರೆ ಕಾಣಬೇಕಾದರೆ ಬೀಗದ ಪಾರ್ಶ್ವವನ್ನು ಕತ್ತರಿಸಿ, ಅದು ಕೆಲಸ ಮಾಡುತ್ತಿರುವಾಗಲೇ ಒಳಗನ್ನು ನೋಡಬೇಕು. ನಾವು ಹಾಗೆಯೇ ಮಾಡಿದೆವು.

ಬೀಗದ ಮೂಲತತ್ತ್ವ

ಬೀಗದ ಕೆಲಸವನ್ನು ಅರಿಯಲು ಹಳೆಯ ಮನೆಗಳ ಅಗುಳಿಯಿಂದ ಪ್ರಾರಂಭಿಸೋಣ. ಬಾಗಿಲಿನ ಹಿಂದೆ ಅಡ್ಡವಾಗಿ ಸರಿಯುವ ಮರದ ತುಂಡು ಅದು. ಒಳಗಿರುವವರು ಅದನ್ನು ಸರಿಸಬಲ್ಲರು, ಹೊರಗಿರುವವರು ಸರಿಸಲಾರರು. ಹೊರಗಿನಿಂದಲೂ ಸರಿಸುವಂತಿರಬೇಕು, ಆದರೆ ಮನೆಯವರು ಮಾತ್ರ ಸರಿಸುವಂತಿರಬೇಕು ಎಂದಾಗ ಬೀಗ ಹುಟ್ಟುತ್ತದೆ. ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿ ಇದಕ್ಕೊಂದು ಜಾಣ ಉಪಾಯವಿತ್ತು. ಅಗುಳಿಯಲ್ಲಿ ಕೆಲವು ಕುಳಿಗಳನ್ನು ಕೊರೆದು, ಮೇಲಿನಿಂದ ಮರದ ಗೂಟಗಳು ತಮ್ಮ ಭಾರದಿಂದಲೇ ಆ ಕುಳಿಗಳಿಗೆ ಇಳಿಯುವಂತೆ ಮಾಡುತ್ತಿದ್ದರು. ಗೂಟಗಳು ಇಳಿದರೆ ಅಗುಳಿ ಕದಲದು. ಹಲ್ಲುಗಳುಳ್ಳ ಮರದ ಕೈಯೊಂದನ್ನು ಒಳಕ್ಕೆ ತೂರಿಸಿ ಮೇಲೆತ್ತಿದರೆ ಎಲ್ಲ ಗೂಟಗಳೂ ಒಟ್ಟಿಗೆ ಏರಿ ಅಗುಳಿ ಬಿಡುಗಡೆಯಾಗುತ್ತಿತ್ತು.

ಇದೇ ತತ್ತ್ವವನ್ನು ಲೋಹದಲ್ಲಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಸಾಧಿಸಿ ಜಗತ್ತಿಗೆ ಹರಡಿದವನು ಅಮೆರಿಕದ ಕಿರಿಯ ಲೈನಸ್ ಯೇಲ್. ಅವನು ೧೮೬೧ ಮತ್ತು ೧೮೬೫ರಲ್ಲಿ ಪಡೆದ ಪೇಟೆಂಟುಗಳಿಂದ ಇಂದಿನ ಪಿನ್ನುಬೀಗ ರೂಪುಗೊಂಡಿತು. ನಮ್ಮ ದೇಶದಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗದ ತಯಾರಿಕೆಯನ್ನು ಆರಂಭಿಸಿದುದು ೧೮೯೭ರಲ್ಲಿ. ಉತ್ತರದ ಅಲಿಗಢ ಮತ್ತು ನೆರೆಯ ತಮಿಳುನಾಡಿನ ದಿಂಡಿಗಲ್ ಬೀಗಗಳಿಗೆ ಹೆಸರಾದ ಊರುಗಳು. ದಿಂಡಿಗಲ್ಲಿನ ಬೀಗಕ್ಕೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇವೆಲ್ಲವೂ ಒಂದೇ ಬಗೆಯ ಬೀಗಗಳಲ್ಲ. ಸನ್ನೆಗಳಿಂದ ಕೆಲಸ ಮಾಡುವ ಬೀಗಗಳೂ ಬಹಳವಾಗಿವೆ. ನಾವಿಲ್ಲಿ ವಿವರಿಸುವುದು ಪಿನ್ನುಬೀಗವನ್ನು ಮಾತ್ರ.

ಪಿನ್ನುಬೀಗದಲ್ಲಿ ಎರಡು ಮುಖ್ಯ ಭಾಗಗಳುಂಟು. ಒಂದು, ಕದಲದ ಹೊರಕವಚ. ಇನ್ನೊಂದು, ಅದರೊಳಗೆ ತಿರುಗುವ ಹಿತ್ತಾಳೆಯ ದಿಂಡು. ಇದರ ವ್ಯಾಸ ಸುಮಾರು ೧೨.೭ ಮಿಲಿಮೀಟರು. ಬೀಗದ ಕೈ ಹೋಗುವುದು ಈ ದಿಂಡಿನ ಸೀಳಿನೊಳಕ್ಕೆ. ಕವಚದಿಂದ ದಿಂಡಿನೊಳಕ್ಕೆ ನೇರವಾಗಿ ಇಳಿಯುವಂತೆ ಐದು ಸಣ್ಣ ಬಾವಿಗಳನ್ನು ಸಾಲಾಗಿ ಕೊರೆದಿರುತ್ತಾರೆ. ಪ್ರತಿಯೊಂದು ಬಾವಿಯಲ್ಲಿಯೂ ಒಂದರ ಮೇಲೊಂದರಂತೆ ಎರಡು ಪಿನ್ನುಗಳು, ಅವುಗಳ ಮೇಲೊಂದು ಸ್ಪ್ರಿಂಗು. ಕೆಳಪಿನ್ನುಗಳ ಉದ್ದ ಬಾವಿಯಿಂದ ಬಾವಿಗೆ ಬೇರೆಬೇರೆ.

ಬೀಗದ ಕೈ ಇಲ್ಲದಾಗ ಸ್ಪ್ರಿಂಗಿನ ಒತ್ತಡದಿಂದ ಮೇಲ್ಪಿನ್ನುಗಳು ಅರ್ಧ ಕವಚದಲ್ಲಿ, ಅರ್ಧ ದಿಂಡಿನಲ್ಲಿ ನಿಂತಿರುತ್ತವೆ. ಐದು ಗೂಟಗಳನ್ನು ಜಡಿದಂತಾಗಿ ದಿಂಡು ತಿರುಗುವುದಿಲ್ಲ. ದಿಂಡೂ ಕವಚವೂ ಕೂಡುವ ಗಡಿಯನ್ನು ನಾವು ಸಂಧಿರೇಖೆ ಎಂದು ಕರೆಯೋಣ. ಸರಿಯಾದ ಬೀಗದ ಕೈಯನ್ನು ತೂರಿಸಿದಾಗ ಅದರ ಅಂಚಿನ ಕಚ್ಚುಗಳು ಒಂದೊಂದು ಪಿನ್ನುಜೋಡಿಯನ್ನೂ ಬೇಕಾದಷ್ಟೇ ಎತ್ತುತ್ತವೆ. ಆಗ ಕೆಳಪಿನ್ನೂ ಮೇಲ್ಪಿನ್ನೂ ಮುಟ್ಟುವ ಜಾಗ ಐದು ಬಾವಿಗಳಲ್ಲಿಯೂ ಸಂಧಿರೇಖೆಗೆ ಸರಿಯಾಗಿ ಬಂದು ನಿಲ್ಲುತ್ತದೆ. ಅಡ್ಡ ಬರುವುದು ಯಾವುದೂ ಉಳಿಯದೆ ದಿಂಡು ತಿರುಗುತ್ತದೆ. ಒಂದೇ ಒಂದು ಜೋಡಿ ಕಾಲು ಮಿಲಿಮೀಟರು ಹೆಚ್ಚೋ ಕಡಮೆಯೋ ಎದ್ದರೂ ಬೀಗ ತೆರೆಯದು.

ಕತ್ತರಿಸುವ ಮೊದಲು ಲೆಕ್ಕ

ಎಂಜಿನ್ನನ್ನು ಸೀಳಿ ಒಳಗಿನ ಕೊಂತವನ್ನೂ ಕವಾಟಗಳನ್ನೂ ತೋರಿಸುವ ಮಾದರಿಗಳನ್ನು ವಿದ್ಯಾರ್ಥಿಗಳು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಡಿರಬಹುದು. ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ೧೯೬೫ರಲ್ಲಿ ತನ್ನ ಮೊದಲ ಪ್ರದರ್ಶನ ಶಾಲೆಯನ್ನು ತೆರೆದಂದಿನಿಂದಲೂ, ಯಂತ್ರವನ್ನು ವರ್ಣಿಸುವುದಕ್ಕಿಂತ ತೋರಿಸುವುದು ಮೇಲೆಂಬ ಮಾತನ್ನು ಬೆಂಗಳೂರಿನ ಮಕ್ಕಳಿಗೆ ಮನಗಾಣಿಸುತ್ತ ಬಂದಿದೆ. ಪುಸ್ತಕದ ಚಿತ್ರದಲ್ಲಿ ಪಿನ್ನುಗಳು ಚಲಿಸುವುದಿಲ್ಲ. ಸೀಳಿದ ಬೀಗದಲ್ಲಿ ಚಲಿಸುತ್ತವೆ.

ಆದರೆ ಬೀಗವನ್ನು ಸೀಳುವುದು ಹಲಸಿನಹಣ್ಣನ್ನು ಸೀಳಿದಂತಲ್ಲ. ಸರಿಯಾಗಿ ನಡುವಿಗೆ ಕತ್ತರಿಸಿದರೆ ಬಾವಿಯ ಅರ್ಧ ಗೋಡೆ ಇಲ್ಲವಾಗಿ ಪಿನ್ನುಗಳೂ ಸ್ಪ್ರಿಂಗುಗಳೂ ಹೊರಕ್ಕೆ ಸಿಡಿಯುತ್ತವೆ. ತೀರ ಅಂಚಿನಲ್ಲಿ ಕತ್ತರಿಸಿದರೆ ಏನೂ ಕಾಣದು. ಎಲ್ಲಿ ಕತ್ತರಿಸಬೇಕೆಂಬುದನ್ನು ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ ಹೇಳುತ್ತದೆ.

ನಮ್ಮ ಬೀಗದ ಬಾವಿಯ ವ್ಯಾಸ ೩.೦ ಮಿ.ಮೀ., ಪಿನ್ನಿನ ವ್ಯಾಸ ೨.೯ ಮಿ.ಮೀ. ಮೇಲಿನಿಂದ ನೋಡಿದರೆ ಬಾವಿ ಒಂದು ವೃತ್ತ. ಅದರ ತ್ರಿಜ್ಯ ೧.೫ ಮಿ.ಮೀ. ಕತ್ತರಿಸಿದ ಗೆರೆ ಈ ವೃತ್ತದ ಒಂದು ಜ್ಯಾ. ವೃತ್ತಕೇಂದ್ರದಿಂದ ೧ ಮಿ.ಮೀ. ದೂರದಲ್ಲಿ ಕತ್ತರಿಸಿದೆವು ಎನ್ನೋಣ. ತ್ರಿಜ್ಯದ ವರ್ಗ ೨.೨೫, ದೂರದ ವರ್ಗ ೧, ಇವುಗಳ ವ್ಯತ್ಯಾಸ ೧.೨೫. ಇದರ ವರ್ಗಮೂಲ ಸುಮಾರು ೧.೧೨. ಇದು ಜ್ಯಾದ ಅರ್ಧವಾದುದರಿಂದ ಕಿಟಕಿಯ ಅಗಲ ೨.೨೪ ಮಿ.ಮೀ. ಪಿನ್ನು ೨.೯ ಮಿ.ಮೀ. ಇರುವುದರಿಂದ ಅದು ಕಾಣುತ್ತದೆ, ಹೊರಗೆ ಬೀಳುವುದಿಲ್ಲ. ಕೇಂದ್ರದಿಂದ ಅರ್ಧ ಮಿಲಿಮೀಟರಿನಲ್ಲಿ ಕತ್ತರಿಸಿದರೆ ಕಿಟಕಿಯ ಅಗಲ ೨.೮೩ ಮಿ.ಮೀ. ಆಗುತ್ತದೆ; ಪಿನ್ನು ಕೂದಲೆಳೆಯಷ್ಟರಲ್ಲಿ ನಿಲ್ಲುತ್ತದೆ. ಕೇಂದ್ರದ ಮೇಲೆಯೇ ಕತ್ತರಿಸಿದರೆ ಅಗಲ ೩ ಮಿ.ಮೀ.; ಪಿನ್ನು ನಿಲ್ಲುವುದೇ ಇಲ್ಲ. ಆದುದರಿಂದ ಕೇಂದ್ರದಿಂದ ೧ ಮಿ.ಮೀ. ಎಂಬ ಅಳತೆಯನ್ನು ನಾವು ಆರಿಸಿಕೊಂಡೆವು.

ಮೊದಲ ಪ್ರಯತ್ನ

ಮನೆಯ ಬೀಗವನ್ನೇ ಮೊದಲು ಕತ್ತರಿಸುವ ಧೈರ್ಯ ನಮಗಿರಲಿಲ್ಲ. ಅದು ಹಾಳಾದರೆ ನಮ್ಮ ಪ್ರಶ್ನೆಗೆ ಉತ್ತರವೂ ಅದರೊಡನೆ ಹೋಗುತ್ತಿತ್ತು. ಆದುದರಿಂದ ಅದೇ ಅಳತೆಯ ಹಳೆಯ ಬೀಗವೊಂದನ್ನು ಗುಜರಿಯಿಂದ ಕೊಂಡು ತಂದೆವು.

ಮೊದಲು ಬೀಗವನ್ನು ಬಿಚ್ಚಬೇಕು. ದಿಂಡಿನ ಹಿಂತುದಿಯ ಹಿಡಿಕೆಯನ್ನು ತೆಗೆದು, ಬೀಗದ ಕೈಯನ್ನು ತಿರುಗಿಸಿ ಹಿಡಿದು, ದಿಂಡಿನಷ್ಟೇ ದಪ್ಪದ ಮರದ ಕಡ್ಡಿಯನ್ನು ಹಿಂದಿನಿಂದ ತಳ್ಳುತ್ತ ದಿಂಡನ್ನು ಹೊರತೆಗೆಯಬೇಕು. ಕಡ್ಡಿ ದಿಂಡಿನ ಜಾಗವನ್ನು ತುಂಬುತ್ತ ಬರುವುದರಿಂದ ಮೇಲ್ಪಿನ್ನುಗಳು ಕೆಳಗೆ ಸಿಡಿಯುವುದಿಲ್ಲ. ಈ ಕೆಲಸವನ್ನು ದೊಡ್ಡ ಪಾರದರ್ಶಕ ಚೀಲದೊಳಗೆ ಕೈಯಿಟ್ಟು ಮಾಡುವುದು ಜಾಣತನ. ಹಾರಿದ ಸ್ಪ್ರಿಂಗು ಮಂಚದ ಕೆಳಗೆ ಸೇರಿದರೆ ಮತ್ತೆ ಸಿಕ್ಕುವುದು ಕಷ್ಟ. ತೆಗೆದ ಪಿನ್ನುಗಳನ್ನು ಒಂದರಿಂದ ಐದರವರೆಗೆ ಅಂಕೆ ಬರೆದ ಕಾಗದದ ಮೇಲೆ ಕ್ರಮವಾಗಿ ಇಡಬೇಕು. ಅನಂತರ ಬರಿದಾದ ದಿಂಡನ್ನು ಮತ್ತೆ ಕವಚದೊಳಗೆ ಕೂರಿಸಿ, ಬಾವಿಗಳಿಗೆ ಕರಗಿದ ಮೇಣವನ್ನು ಹೊಯ್ಯಬೇಕು. ಕತ್ತರಿಸುವಾಗ ಏಳುವ ಹಿತ್ತಾಳೆಯ ಚೂರುಗಳು ಬಾವಿಗೆ ಹೋಗದಂತೆ ಮೇಣ ತಡೆಯುತ್ತದೆ. ಕೆಲಸವಾದ ಮೇಲೆ ಬಿಸಿನೀರಿನಲ್ಲಿ ಕರಗಿ ಹೋಗುತ್ತದೆ.

ಮೂರನೆಯ ಹಂತದ ಸಾರಕ್ಕಿ ಕೈಗಾರಿಕಾ ಬಡಾವಣೆಯ ಸಣ್ಣ ಕಾರ್ಖಾನೆಯೊಂದರಲ್ಲಿ, ಮಿಲ್ಲಿಂಗ್ ಯಂತ್ರದ ಮೇಲೆ ನಾವು ಈ ಬೀಗದ ಬಲಪಾರ್ಶ್ವವನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಕತ್ತರಿಸಿಸಿದೆವು. ಹಿತ್ತಾಳೆ ಮೃದುವಾದ ಮಿಶ್ರಲೋಹ; ಯಂತ್ರವಿಲ್ಲದವರು ಬೀಗವನ್ನು ವೈಸಿನಲ್ಲಿ ಬಿಗಿದು ಚಪ್ಪಟೆ ಅರದಿಂದ ತಾಳ್ಮೆಯಾಗಿ ಉಜ್ಜಿಯೂ ಇದನ್ನು ಮಾಡಬಹುದು. ಕಣ್ಣಿಗೆ ಕನ್ನಡಕ ಇರಲೇಬೇಕು. ಬೀಗವನ್ನು ಕೈಯಲ್ಲಿ ಹಿಡಿದು ಕತ್ತರಿಸಲೇಕೂಡದು.

ಪಿನ್ನುಗಳನ್ನು ಮತ್ತೆ ತುಂಬಿ ಬೀಗದ ಕೈಯನ್ನು ತೂರಿಸಿದಾಗ ಕಂಡ ನೋಟ ಸೊಗಸಾಗಿತ್ತು. ಕಚ್ಚುಗಳು ಒಳಗೆ ಸಾಗಿದಂತೆ ಐದು ಪಿನ್ನುಜೋಡಿಗಳೂ ಹಾರ್ಮೋನಿಯಮ್ಮಿನ ಮನೆಗಳಂತೆ ಎದ್ದು ಬಿದ್ದು, ಕೊನೆಗೆ ಒಂದೇ ಗೆರೆಗೆ ಬಂದು ನಿಂತವು. ಸಂತೋಷದಿಂದ ಬೀಗದ ಕೈಯನ್ನು ಎಡಕ್ಕೆ ತಿರುಗಿಸಿದೆವು. ಕಟ್ ಎಂಬ ಸದ್ದಾಯಿತು. ದಿಂಡು ಅಲ್ಲೇ ಸಿಕ್ಕಿಕೊಂಡಿತು. ಮತ್ತೆ ಬಿಚ್ಚಿ, ಸರಿಪಡಿಸಿ, ಬಲಕ್ಕೆ ತಿರುಗಿಸಿದೆವು. ಈ ಬಾರಿ ದಿಂಡು ತಿರುಗಿತು. ಆದರೆ ಕಾಲು ಸುತ್ತು ಆಗುವಷ್ಟರಲ್ಲಿ ಮೂರು ಕೆಳಪಿನ್ನುಗಳು ಕಾರ್ಖಾನೆಯ ನೆಲಕ್ಕೆ ಉದುರಿದವು.

ಲೆಕ್ಕ ತಪ್ಪಾಗಿರಲಿಲ್ಲ. ಬೀಗ ನಿಂತಿರುವಾಗಿನ ಲೆಕ್ಕವನ್ನು ಮಾತ್ರ ನಾವು ಮಾಡಿದ್ದೆವು, ತಿರುಗುವಾಗಿನ ಲೆಕ್ಕವನ್ನು ಮಾಡಿರಲಿಲ್ಲ. ಎಡಕ್ಕೆ ತಿರುಗಿಸಿದಾಗ ದಿಂಡಿನ ಕತ್ತರಿಸಿದ ಬಲಭಾಗ ಮೇಲಕ್ಕೆ ಬರುತ್ತದೆ. ಅಲ್ಲಿ ಲೋಹವಿಲ್ಲ, ಸ್ಪ್ರಿಂಗುಗಳು ಮೇಲ್ಪಿನ್ನುಗಳನ್ನು ಆ ಖಾಲಿ ಜಾಗಕ್ಕೆ ನೂಕುತ್ತವೆ, ಬೀಗ ಸಿಕ್ಕಿಕೊಳ್ಳುತ್ತದೆ. ಬಲಕ್ಕೆ ತಿರುಗಿಸಿದಾಗ ಬಾವಿಗಳ ಬಾಯಿ ಬಲಕ್ಕೆ ಹೊರಳುತ್ತದೆ. ಅಲ್ಲಿ ಕವಚವಿಲ್ಲ, ಕೆಳಪಿನ್ನುಗಳು ಉದುರುತ್ತವೆ. ಹಾಗಾದರೆ ದಿಂಡಿನ ದುಂಡಗಿನ ಮೈ ಬರಿಯ ಮೈಯಲ್ಲ, ತಿರುಗುವಾಗ ಮೇಲ್ಪಿನ್ನುಗಳನ್ನು ಮೇಲೆಯೇ ತಡೆದು ನಿಲ್ಲಿಸುವ ನೆಲ. ಕವಚದ ಗೋಡೆ ಬರಿಯ ಹೊದಿಕೆಯಲ್ಲ, ಕೆಳಪಿನ್ನುಗಳನ್ನು ಕಾಯುವ ಚಾವಣಿ. ಇವೆರಡರ ಕೆಲಸವೂ ನಮಗೆ ತಿಳಿದುದು, ಅವನ್ನು ತೆಗೆದುಹಾಕಿದ ಮೇಲೆ.

ಎರಡನೆಯ ಪ್ರಯತ್ನ

ಈಗ ಮನೆಯ ಬೀಗದ ಸರದಿ. ಬಾಗಿಲಿಗೆ ಹೊಸ ಬೀಗ ಹಾಕಿಸಿ ಹಳೆಯದನ್ನು ಬಿಚ್ಚಿ ತಂದೆವು. ಈ ಬಾರಿ ಪಾರ್ಶ್ವವನ್ನೆಲ್ಲ ಕತ್ತರಿಸದೆ ಒಂದು ಕಿಟಕಿಯನ್ನು ಮಾತ್ರ ತೆರೆಯುವುದೆಂದು ನಿಶ್ಚಯಿಸಿದೆವು. ಕಿಟಕಿ ಕವಚದ ಮೇಲ್ಭಾಗದಿಂದ ಪ್ರಾರಂಭವಾಗಿ ಸಂಧಿರೇಖೆಯಿಂದ ೩ ಮಿ.ಮೀ. ಕೆಳಗೆ ಮುಗಿಯುತ್ತದೆ. ಅದರ ಕೆಳಗಿನ ಗೋಡೆ ಇದ್ದಂತೆಯೇ ಇರುತ್ತದೆ.

ಇದರಿಂದ ಆಗುವುದೇನು? ದಿಂಡಿನ ತ್ರಿಜ್ಯ ೬.೩೫ ಮಿ.ಮೀ. ಕಿಟಕಿಯ ಕೆಳ ಅಂಚು ದಿಂಡಿನ ಕೇಂದ್ರದಿಂದ ೩.೩೫ ಮಿ.ಮೀ. ಎತ್ತರದಲ್ಲಿದೆ. ಬೀಗದ ಕೈಯನ್ನು ಬಲಕ್ಕೆ ತಿರುಗಿಸಿದಾಗ ಬಾವಿಗಳ ಬಾಯಿ ಸುಮಾರು ೫೮ ಡಿಗ್ರಿ ವಾಲುವವರೆಗೆ ಮಾತ್ರ ತೆರೆದಿರುತ್ತದೆ. ಅನಂತರ ಗೋಡೆಯ ಹಿಂದೆ ಸರಿಯುತ್ತದೆ. ತ್ರಿಕೋನಮಿತಿ ಓದಿದ ವಿದ್ಯಾರ್ಥಿಗಳು ಈ ಕೋನವನ್ನು ತಾವೇ ಲೆಕ್ಕಹಾಕಿ ನೋಡಬಹುದು. ೫೮ ಡಿಗ್ರಿಯವರೆಗೂ ಬಾವಿಯ ಬಾಯಿ ಇನ್ನೂ ಮೇಲ್ಮುಖವಾಗಿಯೇ ಇರುವುದರಿಂದ ಪಿನ್ನುಗಳು ತಮ್ಮ ಭಾರದಿಂದಲೇ ಒಳಗೆ ನಿಲ್ಲುತ್ತವೆ. ಇತ್ತ ಮೇಲ್ಪಿನ್ನುಗಳ ಕೆಳಗೆ ದಿಂಡಿನ ಕತ್ತರಿಸದ ಎಡಭಾಗ ಬರುತ್ತದೆ. ಎರಡು ತೊಂದರೆಗಳೂ ತೀರಿದವು. ಎಡಕ್ಕೆ ತಿರುಗಿಸಿದರೆ ಮಾತ್ರ ಹಿಂದಿನಂತೆಯೇ ಸಿಕ್ಕಿಕೊಳ್ಳುವುದು. ನಮ್ಮ ಬೀಗ ಬಲಕ್ಕೆ ತಿರುಗಿ ತೆರೆಯುವಂತಹುದಾದುದರಿಂದ ಕಿಟಕಿಯನ್ನೂ ಬಲಕ್ಕೇ ತೆರೆದೆವು. ಎಡಕ್ಕೆ ತಿರುಗುವ ಬೀಗಕ್ಕೆ ಕಿಟಕಿ ಎಡಕ್ಕಿರಬೇಕು. ಹೀಗೆ ತಯಾರಾದ ಬೀಗದ ಕೆಳಪಿನ್ನುಗಳಿಗೆ ಕೆಂಪು ಬಣ್ಣ ಹಚ್ಚಿ, ಬೀಗವನ್ನು ಮರದ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿದೆವು.

ಪ್ರಶ್ನೆಗೆ ಉತ್ತರ

ಮೊದಲು ಮೂಲ ಬೀಗದ ಕೈಯನ್ನು ತೂರಿಸಿದೆವು. ಐದು ಕೆಂಪು ತಲೆಗಳೂ ಸಂಧಿರೇಖೆಯಲ್ಲಿ ದಾರ ಹಿಡಿದಂತೆ ನಿಂತವು. ಅನಂತರ ನಮ್ಮ ತಾಯಿಯವರ ನಕಲನ್ನು ತೂರಿಸಿ, ಪೂರ್ತಿಯಾಗಿ ಒತ್ತಿದೆವು. ಐದು ಕೆಂಪು ತಲೆಗಳೂ ರೇಖೆಯನ್ನು ದಾಟಿ, ಸುಮಾರು ೦.೪ ಮಿ.ಮೀ. ಮೇಲೆ, ಕವಚದೊಳಕ್ಕೆ ತಲೆಹಾಕಿ ನಿಂತಿದ್ದವು. ಬೀಗ ತೆರೆಯದಿರಲು ಅಷ್ಟು ಸಾಕು. ಈಗ ನಕಲನ್ನು ಮೆಲ್ಲನೆ ಹಿಂದಕ್ಕೆ ಎಳೆದೆವು. ಐದೂ ತಲೆಗಳು ಒಟ್ಟಿಗೆ ಇಳಿದು ರೇಖೆಗೆ ಬಂದವು, ದಿಂಡು ತಿರುಗಿತು.

ಕಾರಣ ಕಣ್ಣೆದುರಿಗೇ ಇತ್ತು. ನಕಲಿನ ಕಚ್ಚುಗಳ ಆಳ ಸರಿಯಾಗಿಯೇ ಇತ್ತು. ತಪ್ಪಿದ್ದುದು ಅವುಗಳ ಸ್ಥಾನದಲ್ಲಿ. ಎರಡು ಬೀಗದ ಕೈಗಳನ್ನೂ ಒತ್ತಟ್ಟಿಗಿಟ್ಟು ವರ್ನಿಯರ್ ಕ್ಯಾಲಿಪರಿನಿಂದ ಅಳೆದಾಗ, ನಕಲಿನ ಕಚ್ಚುಗಳೆಲ್ಲವೂ ತುದಿಯ ಕಡೆಗೆ ೦.೭ ಮಿ.ಮೀ. ಜರುಗಿದ್ದುದು ತಿಳಿಯಿತು. ಬೀಗದ ಕೈ ಎಷ್ಟು ಒಳಗೆ ಹೋಗಬೇಕೆಂಬುದನ್ನು ಗೊತ್ತುಮಾಡುವುದು ಹಿಡಿಯ ಬಳಿಯಿರುವ ಅದರ ಭುಜ. ನಕಲು ಮಾಡುವ ಯಂತ್ರದಲ್ಲಿ ಮೂಲವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಬಿಗಿದು, ಒಂದರ ಅಂಚಿನ ಮೇಲೆ ಸೂಜಿ ಸಾಗಿದಂತೆ ಇನ್ನೊಂದನ್ನು ಚಕ್ರ ಕತ್ತರಿಸುತ್ತದೆ. ಬಿಗಿಯುವಾಗ ಎರಡರ ಭುಜಗಳೂ ಸಮನಾಗಿ ನಿಲ್ಲದಿದ್ದರೆ ಕಚ್ಚುಗಳೆಲ್ಲವೂ ಅಷ್ಟೇ ಜರುಗಿ ಬೀಳುತ್ತವೆ.

ಕಚ್ಚಿನ ತಳ ಸುಮಾರು ೦.೬ ಮಿ.ಮೀ. ಚಪ್ಪಟೆಯಾಗಿದ್ದು, ಎರಡು ಬದಿಗಳೂ ೪೫ ಡಿಗ್ರಿಯ ಇಳಿಜಾರುಗಳಾಗಿವೆ. ಪಿನ್ನಿನ ಮೊನೆ ತಳದ ನಡುವಿನಿಂದ ೦.೭ ಮಿ.ಮೀ. ಜರುಗಿದರೆ, ಮೊದಲ ೦.೩ ಮಿ.ಮೀ. ಚಪ್ಪಟೆಯ ಮೇಲೆ ಕಳೆದು, ಉಳಿದ ೦.೪ ಮಿ.ಮೀ. ಇಳಿಜಾರಿನ ಮೇಲೆ ಏರುತ್ತದೆ. ೪೫ ಡಿಗ್ರಿಯ ಇಳಿಜಾರಿನಲ್ಲಿ ಮುಂದೆ ಸಾಗಿದಷ್ಟೇ ಮೇಲೇರಬೇಕು. ಕಿಟಕಿಯಲ್ಲಿ ಕಂಡ ೦.೪ ಮಿ.ಮೀ. ಇದೇ.

ಆ ಸಂಜೆ ನಡೆದುದರ ಅರ್ಥವೂ ಆಗ ಹೊಳೆಯಿತು. ನಕಲು ತೆರೆಯಬೇಕಾದರೆ ಭುಜ ಬೀಗಕ್ಕೆ ಮುಟ್ಟದೆ ಕೊಂಚ ಹಿಂದೆ ನಿಲ್ಲಬೇಕು. ಸಾವಧಾನದ ಕೈ ಎಂದಾದರೊಮ್ಮೆ ಆ ಜಾಗವನ್ನು ತಾನೇ ಕಂಡುಕೊಳ್ಳುತ್ತದೆ; ಅದಕ್ಕೇ ಎಷ್ಟೋ ದಿನ ಆ ನಕಲು ಕೆಲಸ ಮಾಡುತ್ತಲೇ ಇತ್ತು. ಗಾಬರಿಗೊಂಡ ಕೈ ಒತ್ತುತ್ತದೆ. ಒತ್ತಿದಾಗ ಭುಜ ಬೀಗಕ್ಕೆ ತಾಗಿ, ಐದು ಪಿನ್ನುಗಳೂ ಒಟ್ಟಿಗೆ ತಪ್ಪು ಎತ್ತರಕ್ಕೆ ಏರುತ್ತವೆ. ನಿಧಾನವಾಗಿದ್ದಾಗ ತೆರೆದು, ಅವಸರದಲ್ಲಿ ತೆರೆಯದ ಬೀಗದ ಕೈ ಅದು. ಅಂತಹುದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪಾಯವೆಂದು ನಾವು ಅಂದೇ ಅದನ್ನು ಬಳಕೆಯಿಂದ ತೆಗೆದೆವು.

ಹೊಸ ಬೀಗಕ್ಕೆ ನಕಲು ಮಾಡಿಸುವಾಗ ಮೂಲದಿಂದಲೇ ಮಾಡಿಸಿದೆವು. ನಕಲಿನ ನಕಲು ಮಾಡಿಸಿದರೆ ತಪ್ಪಿನ ಮೇಲೆ ತಪ್ಪು ಸೇರುತ್ತದೆ. ಮನೆಗೆ ತಂದ ಮೇಲೆ, ಬಾಗಿಲು ತೆರೆದಿರುವಾಗಲೇ, ಪೂರ್ತಿಯಾಗಿ ಒತ್ತಿ ಹತ್ತು ಸಲ ತಿರುಗಿಸಿ ನೋಡಿದೆವು. ಎಳೆಯುವ ಉಪಾಯ ಬೇಕಾಗುವ ಬೀಗದ ಕೈಯನ್ನು ಅಂಗಡಿಗೆ ಹಿಂದಿರುಗಿಸುವುದೇ ಸರಿ. ಇಂತಹ ಬೀಗಗಳಿಗೆ ಎಣ್ಣೆಗಿಂತ ಗ್ರಾಫೈಟ್ ಪುಡಿ ಮೇಲು. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಂಡು ಪಿನ್ನುಗಳ ಚಲನೆಯನ್ನು ಕ್ರಮೇಣ ತಡೆಯುತ್ತದೆ.

ಕಳ್ಳರಿಗೆ ಪಾಠವೇ?

ಸೀಳಿದ ಬೀಗವನ್ನು ನೋಡಿದ ನೆರೆಮನೆಯ ಹಿರಿಯರೊಬ್ಬರು, "ಏನಪ್ಪಾ, ಕಳ್ಳರಿಗೊಂದು ಪಾಠಶಾಲೆ ತೆರೆಯುತ್ತೀಯೇನು?" ಎಂದು ಕೇಳಿದರು. ಪ್ರಶ್ನೆ ಹಳೆಯದು, ಉತ್ತರ ಹೇಳಲು ತಕ್ಕದ್ದು.

೧೮೫೧ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಆಲ್‌ಫ್ರೆಡ್ ಹಾಬ್ಸ್ ಎಂಬ ಬೀಗತಜ್ಞ ಬಂದನು. ಬ್ರಾಮಾ ಸಂಸ್ಥೆಯವರು ತಮ್ಮ ಬೀಗವೊಂದನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಬೀಗದ ಕೈಯಿಲ್ಲದೆ ತೆರೆದವರಿಗೆ ೨೦೦ ಗಿನಿಗಳ ಬಹುಮಾನ ಕೊಡುವುದಾಗಿ ಹತ್ತಾರು ವರ್ಷಗಳಿಂದ ಸವಾಲು ಹಾಕಿದ್ದರು. ಹಾಬ್ಸ್ ಹದಿನಾರು ದಿನಗಳಲ್ಲಿ ಒಟ್ಟು ೫೧ ಗಂಟೆ ಶ್ರಮಿಸಿ ಅದನ್ನು ತೆರೆದನು. ಬೀಗದ ರಹಸ್ಯಗಳನ್ನು ಬಯಲು ಮಾಡಬಹುದೇ ಎಂಬ ಚರ್ಚೆ ಆಗ ಜೋರಾಗಿ ನಡೆಯಿತು. ಆದರೆ ದೋಷ ಬಯಲಾದುದರಿಂದ ಬೀಗಗಳು ಕೆಡಲಿಲ್ಲ; ತಯಾರಕರು ಅವನ್ನು ಉತ್ತಮಪಡಿಸಿದರು. ದೋಷವನ್ನು ಮುಚ್ಚಿಟ್ಟರೆ ಕಳ್ಳನಿಗೆ ತಿಳಿಯದೆ ಉಳಿಯುವುದಿಲ್ಲ. ಮನೆಯವನಿಗೆ ಮಾತ್ರ ತಿಳಿಯದೆ ಉಳಿಯುತ್ತದೆ.

೧೮೮೩ರಲ್ಲಿ ಆಗುಸ್ಟ್ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸನು ಗುಪ್ತಲಿಪಿಗಳ ವಿಷಯದಲ್ಲಿ ಇದನ್ನೇ ನಿಯಮವಾಗಿ ಹೇಳಿದನು. ವ್ಯವಸ್ಥೆಯೆಲ್ಲವೂ ಶತ್ರುವಿಗೆ ತಿಳಿದರೂ ಕೀಲಿಯೊಂದು ತಿಳಿಯದಿದ್ದರೆ ಭದ್ರತೆ ಉಳಿಯಬೇಕು ಎಂಬುದು ಅದರ ಸಾರ. ಇಂದು ಜಗತ್ತಿನ ಗಣಕಗಳಲ್ಲಿ ಬಳಕೆಯಲ್ಲಿರುವ ಎ.ಇ.ಎಸ್. ಎಂಬ ಗೂಢಲಿಪಿ ವಿಧಾನವು ೨೦೦೧ರಲ್ಲಿ ಪ್ರಮಾಣವಾಗಿ ಪ್ರಕಟವಾಯಿತು. ಅದರ ಹಂತಗಳೆಲ್ಲವೂ ಬಹಿರಂಗ; ಗುಟ್ಟಾಗಿರುವುದು ಕೀಲಿ ಮಾತ್ರ.

ನಮ್ಮ ಹಿತ್ತಾಳೆಯ ಬೀಗಕ್ಕೂ ಇದು ಅನ್ವಯಿಸುತ್ತದೆ. ಐದು ಪಿನ್ನುಗಳು, ಪ್ರತಿಯೊಂದಕ್ಕೂ ಆರು ಎತ್ತರಗಳು ಸಾಧ್ಯ ಎಂದುಕೊಳ್ಳೋಣ. ಆರನ್ನು ಐದು ಬಾರಿ ಗುಣಿಸಿದರೆ ೭೭೭೬ ಬಗೆಯ ಬೀಗದ ಕೈಗಳು. ಇನ್ನೊಂದು ಪಿನ್ನನ್ನು ಸೇರಿಸಿದರೆ ೪೬,೬೫೬. ಅಕ್ಕಪಕ್ಕದ ಕಚ್ಚುಗಳ ಆಳದಲ್ಲಿ ತೀರ ಹೆಚ್ಚಿನ ಅಂತರ ಇರಕೂಡದಾದುದರಿಂದ ಬಳಕೆಗೆ ಬರುವ ಸಂಖ್ಯೆ ಇದಕ್ಕಿಂತ ಕಡಮೆ. ಪಿನ್ನುಗಳು ಹೇಗೆ ಕೆಲಸ ಮಾಡುತ್ತವೆಂದು ಇಡೀ ಊರಿಗೆ ತಿಳಿದರೂ, ನಮ್ಮ ಮನೆಯ ಐದು ಎತ್ತರಗಳು ಯಾವುವೆಂದು ಅದರಿಂದ ತಿಳಿಯುವುದಿಲ್ಲ. ಆದುದರಿಂದ ಕಾಪಾಡಬೇಕಾದುದು ಬೀಗದ ಜ್ಞಾನವನ್ನಲ್ಲ, ಬೀಗದ ಕೈಯನ್ನು. ಅದರ ಛಾಯಾಚಿತ್ರವನ್ನು ಕೂಡ ಯಾರಿಗೂ ಕಳುಹಿಸಬಾರದು. ಕಚ್ಚುಗಳ ಆಳವನ್ನು ಚಿತ್ರದಿಂದಲೇ ಅಳೆಯಬಹುದು. ಈ ಪ್ರಯೋಗವನ್ನು ಮಾಡುವ ವಿದ್ಯಾರ್ಥಿಗಳು ತಮ್ಮದೇ ಆದ, ಬಳಕೆಯಿಂದ ತೆಗೆದ ಬೀಗದ ಮೇಲೆ ಮಾತ್ರ ಮಾಡತಕ್ಕದ್ದು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ನೆರೆಯ ಹಿರಿಯರು ಇದೆಲ್ಲವನ್ನೂ ಕೇಳಿದರು. ಅನಂತರ ತಮ್ಮ ಜೇಬಿನಿಂದ ಗೊಂಚಲನ್ನು ತೆಗೆದು, ಅದರಲ್ಲಿದ್ದ ನಕಲೊಂದನ್ನು ಅದರ ಮೂಲದ ಪಕ್ಕದಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಎರಡರ ಭುಜಗಳನ್ನೂ ಕಚ್ಚುಗಳನ್ನೂ ಹೋಲಿಸಿ ನೋಡಿದರು. "ಇದೂ ಎಳೆದು ತಿರುಗಿಸುವ ಜಾತಿಯದೇ" ಎಂದು ಹೇಳಿ ಅದನ್ನು ಗೊಂಚಲಿನಿಂದ ಬಿಡಿಸಿದರು.

ನಮ್ಮ ಹಳೆಯ ಬೀಗ ಈಗ ಯಾವ ಬಾಗಿಲನ್ನೂ ಕಾಯುತ್ತಿಲ್ಲ. ಹಲಗೆಯ ಮೇಲೆ ನಿಂತು, ಮನೆಗೆ ಬರುವ ಮಕ್ಕಳ ಕೈಯಲ್ಲಿ ತಿರುಗುತ್ತಿರುತ್ತದೆ. ಅದರ ಪಕ್ಕದಲ್ಲಿ ಎರಡು ಬೀಗದ ಕೈಗಳಿವೆ. ಒಂದು ಸರಿಯಾದುದು, ಇನ್ನೊಂದು ೦.೭ ಮಿಲಿಮೀಟರು ತಪ್ಪಿದುದು. ಮಕ್ಕಳು ಎರಡನ್ನೂ ತೂರಿಸಿ ನೋಡುತ್ತಾರೆ. ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.